ಅಕ್ಕನ ಓಟು, ನನ್ನ ಓಟು

ಪುಟ್ಟಿ, ಚಿನ್ನು, ಬೇಸಿಗೆ ರಜೆಯಲ್ಲಿ ನೀವು ಜಗಳೂರಿಗೆ ಬಂದಿದ್ದಾಗ ಮಧ್ಯಾಹ್ನದ ಹೊತ್ತು ಬೇವಿನ ಮರದ ಕೆಳಗೆ ಕಂಬಳಿ ಹಾಸಿಕೊಂಡು ಮಲಗುತ್ತಿದ್ದೆವಲ್ಲ, ಅಂಥ ಒಂದು ಮಧ್ಯಾಹ್ನದ ಬಗ್ಗೆ ಬರೆಯುತ್ತಿದ್ದೇನೆ. ನಿಮಗೆ ಅದು ಮರೆತೇ ಹೋಗಿರಬಹುದು. ಪುಟ್ಟಿ ಕಾಲೇಜಿನ ಪಾಠಕ್ಕೆಂದು ಫೋನಿನಲ್ಲಿ ಏನನ್ನೋ ನೋಡುತ್ತಿದ್ದಳು. ಚಿನ್ನು ನಿದ್ದೆ ಹೋಗಿದ್ದ. ದೂರದ ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಫ್ಯಾನುಗಳು ಅವಸರವಿಲ್ಲದೆ ತಿರುಗುತ್ತಿದ್ದವು. ಅವನ್ನು ನೋಡುತ್ತ ನೋಡುತ್ತ ನನಗೂ ಕಣ್ಣು ಎಳೆಯುತ್ತಿತ್ತು.

ಫೋನಿನಲ್ಲಿ ಅಮೆರಿಕದವರು ವಾದಕ್ಕೆ ಬಿದ್ದಿದ್ದರು. ಅಲ್ಲಿನ ಅಧ್ಯಕ್ಷನಿಗೆ ಓಟು ಹಾಕಿದವರನ್ನೂ ಹಾಕದವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ದೇಶ ಯಾಕೆ ಹೀಗೆ ಎರಡಾಯಿತು ಮಾತಾಡಿಕೊಳ್ಳಿ ಎಂದು ಬಿಟ್ಟಿದ್ದಾರೆ ಎಂದು ಪುಟ್ಟಿ ಹೇಳಿದಳು. ನನ್ನದು ಊರಿನ ಶಾಲೆಯ ಏಳನೇ ಕ್ಲಾಸು, ಇಂಗ್ಲಿಷ್ ಬಾರದು. ಆದರೆ ಮುಖಗಳು ಅರ್ಥವಾದವು. ಟೋಪಿಯವನೊಬ್ಬ ಕೈಕಟ್ಟಿ ಕುಳಿತ ರೀತಿ ಥೇಟ್ ನನ್ನ ತಮ್ಮನದೇ. ಎದುರಿಗಿದ್ದ ಕನ್ನಡಕದವನು ನಗುನಗುತ್ತಲೇ ಚುಚ್ಚುತ್ತಿದ್ದ. ಅದು ನ್ಯಾಮತಿಯಲ್ಲಿರುವ ನನ್ನ ಅಕ್ಕನ ಗಂಡ, ಭಾವನ ನಗು. ಬೆಳ್ಳನೆಯ ಗಿಡ್ಡ ಕೂದಲಿನ ಹೆಂಗಸೊಬ್ಬಳು ಮಾತ್ರ ಮೆಲ್ಲಗೆ ಏನೋ ಹೇಳಿ ತಲೆ ತಗ್ಗಿಸಿದಳು. ಏನಂದಳು ಎಂದು ಕೇಳಿದೆ. ಈ ಅಧ್ಯಕ್ಷ ಬಂದಮೇಲೆ ಅವಳು ತನ್ನ ಅಕ್ಕನ ಮನೆಗೆ ಹೋಗಿಯೇ ಇಲ್ಲವಂತೆ, ಹಬ್ಬದ ಊಟವೂ ಬೇರೆ ಬೇರೆಯಂತೆ.

"ಅಕ್ಕ ಯಾರಿಗೆ ಓಟು ಹಾಕಿದ್ಲು ಅಂತ ಆಯಮ್ಮ ಕೇಳ್ಯಾಳೇನೇ?"

"ಕೇಳೋದೇನೈತಜ್ಜಿ, ಗೊತ್ತೇ ಇರ್ತೈತೆ."

ಹೌದು, ನನ್ನಕ್ಕನ ಓಟು ಯಾರಿಗೆಂದು ನನಗೂ ಗೊತ್ತೇ ಇತ್ತು.

ನಿಮಗೆ ಇದನ್ನು ಹೇಳಿರಲಿಲ್ಲ. ದೊಡ್ಡ ಚುನಾವಣೆಗೆ ಮುಂಚೆ ತಮ್ಮನ ಹೊಸ ಮನೆಯ ಗೃಹಪ್ರವೇಶದಲ್ಲಿ, ಊಟಕ್ಕೆ ಕುಳಿತಾಗ, ಅವನ ಪಕ್ಷ ಹೆಚ್ಚೋ ಭಾವನ ಪಕ್ಷ ಹೆಚ್ಚೋ ಎಂದು ಮಾತಿಗೆ ಮಾತು ಬೆಳೆಯಿತು. ಹೋಳಿಗೆ ಬಡಿಸುತ್ತಿದ್ದವಳು ನಾನೇ. ಭಾವ ಅರ್ಧ ಉಂಡ ಎಲೆ ಬಿಟ್ಟು ಎದ್ದರು. ಅಕ್ಕ ಕೈ ತೊಳೆದು ಅವರ ಹಿಂದೆ ನಡೆದಳು. ಆಮೇಲೆ ಫೋನೂ ಇಲ್ಲ. ನಿಮ್ಮಜ್ಜ ಹೋದಮೇಲೆ ನಾನು ತವರಿನಲ್ಲಿ, ತಮ್ಮನ ಮನೆಯ ಪಕ್ಕದಲ್ಲೇ ಇರುವವಳು. ಅವನ ಮನೆಯ ಓಟು ಯಾವುದೋ ನನ್ನದೂ ಅದೇ ಎಂದು ಊರಿಗೆಲ್ಲ ಲೆಕ್ಕ. ಅಕ್ಕನೂ ಹಾಗೇ ತಿಳಿದಿರಬೇಕು. ಇಬ್ಬರಿಗೂ ವಯಸ್ಸಾಗಿದೆ. ಒಬ್ಬರ ಮುಖ ಒಬ್ಬರು ನೋಡದೆಯೇ ಹೋಗಿಬಿಡುತ್ತೇವೇನೋ ಎಂಬ ಭಯವನ್ನು ನಾನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಆ ಮಧ್ಯಾಹ್ನ ಕಣ್ಣು ಮುಚ್ಚಿದಾಗ ಬಿಳಿಗೂದಲಿನ ಆ ಹೆಂಗಸು ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಬುತ್ತಿ ಗಂಟು ಹಿಡಿದು ನಿಂತಿದ್ದಳು. ಸುತ್ತ ಕುರಿಗಳು, ಅವುಗಳ ನಡುವೆ ಟೋಪಿಯವನು. ಅಕ್ಕನ ಊರಿಗೆ ಬಸ್ಸು ಯಾವುದು ಎಂದು ಅವಳು ತನ್ನ ಭಾಷೆಯಲ್ಲಿ ಕೇಳಿದಳು, ನಾನು ನನ್ನ ಭಾಷೆಯಲ್ಲಿ ಹೇಳಿದೆ. ಇಬ್ಬರಿಗೂ ತಿಳಿಯಿತು.

ನೀವು ಹೊರಟ ವಾರವೇ, ದಾವಣಗೆರೆಯಲ್ಲಿ ಕಣ್ಣು ತೋರಿಸಿಕೊಂಡು ಬರುತ್ತೇನೆಂದು ತಮ್ಮನಿಗೆ ಹೇಳಿ ಬಸ್ಸು ಹತ್ತಿದೆ. ದಾವಣಗೆರೆಯಲ್ಲಿ ಇಳಿದು, ಹೊನ್ನಾಳಿಯ ಮೇಲೆ ಅಕ್ಕನ ಊರಿಗೆ ಹೋಗುವ ಬಸ್ಸಿನಲ್ಲಿ ಕುಳಿತೆ. ಒಣ ಹೊಲಗಳು ಮುಗಿದು ನಾಲೆ ನೀರಿನ ಗದ್ದೆಗಳು ಬಂದವು. ಹೊನ್ನಾಳಿಯ ಸೇತುವೆಯ ಮೇಲೆ ನೀರೋ ಬಿಸಿಲೋ ತಿಳಿಯದ ಹಾಗೆ ಹೊಳೆ ಮಿನುಗುತ್ತಿತ್ತು. ಇದೂ ಕನಸೇ ಇರಬಹುದು, ಇಳಿದು ನೋಡಿದರೆ ಕಂಬಳಿಯ ಮೇಲೇ ಇರುತ್ತೇನೆ ಅನ್ನಿಸಿತು.

ನ್ಯಾಮತಿಯ ಮನೆಯ ಹಿತ್ತಲಲ್ಲಿ ಅಕ್ಕ ಹಪ್ಪಳ ಒಣಹಾಕುತ್ತಿದ್ದಳು. ನನ್ನನ್ನು ನೋಡಿ ಬಾ ಅನ್ನಲಿಲ್ಲ. ಗಾಳಿಗೆ ಚಾಪೆ ಏಳುತ್ತಿದೆ, ಆ ತುದಿ ಹಿಡಿದುಕೋ ಎಂದಳು. ಹಿಡಿದು ಕುಳಿತೆ. ಆಮೇಲೆ, ಯಾರನ್ನೂ ಎಂದೂ ಕೇಳದವಳು ಕೇಳಿಯೇಬಿಟ್ಟೆ.

"ಅಕ್ಕಾ, ನೀನು ಓಟು ಯಾರಿಗೆ ಹಾಕಿದೆ?"

ಒಳಗೆ ಭಾವ ಟೀವಿ ಹಾಕಿಕೊಂಡಿದ್ದರು. ಅಕ್ಕ ಬಾಗಿಲ ಕಡೆ ನೋಡಿ ದನಿ ಇಳಿಸಿದಳು.

"ತಮ್ಮನ ಪಾರ್ಟಿಗೆ ಕಣೇ. ನೀವು ಸೋತು, ನೀನಲ್ಲಿ ಮಖ ಸಣ್ಣ ಮಾಡ್ಕಂಡು ಕೂರೋದು ಬ್ಯಾಡ ಅಂತ."

ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

"ನಗಾಕೇನಾತು ನಿಂಗೆ?"

"ನಾನು ಭಾವನ ಪಾರ್ಟಿಗೆ ಒತ್ತಿದ್ನಲ್ಲಕ್ಕ."

ಅಕ್ಕ ಹಿಟ್ಟಿನ ಕೈಯಲ್ಲೇ ನನ್ನ ತೋಳು ಹಿಡಿದುಕೊಂಡಳು. ಎರಡು ಓಟೂ ದಂಡವಾಯಿತಲ್ಲೇ ಎಂದು ಹೇಳಲು ಹೋಗಿ ನಗುವಿಗೆ ಮಾತೇ ಹೊರಡಲಿಲ್ಲ. ನಗುತ್ತ ನಗುತ್ತ ಇಬ್ಬರ ಕಣ್ಣಲ್ಲೂ ನೀರು. ಗದ್ದಲ ಕೇಳಿ ಭಾವ ಬಾಗಿಲಿಗೆ ಬಂದು ಏನದು ಎಂದರು.

"ಏನಿಲ್ರೀ," ಎಂದಳು ಅಕ್ಕ, "ಅಮೆರಿಕದ ಸುದ್ದಿ."

ಭಾವ ಅದನ್ನು ನಂಬಿಬಿಟ್ಟರು. ಕುರ್ಚಿ ಎಳೆದುಕೊಂಡು ಕುಳಿತು, ಆ ಅಧ್ಯಕ್ಷನ ಕಾಲದಲ್ಲಿ ಆ ದೇಶದ ಜನ ಹೇಗೆ ಕೆಟ್ಟರು, ಓಟಿನ ಸಲುವಾಗಿ ಒಡಹುಟ್ಟಿದವರನ್ನೇ ಬಿಡುವುದು ಎಂಥ ದಡ್ಡತನ ಎಂದು ನಮಗೆ ಬಹಳ ಹೊತ್ತು ತಿಳಿಸಿ ಹೇಳಿದರು. ನಾವಿಬ್ಬರೂ ತಲೆಯಾಡಿಸಿದೆವು. ಮಾತು ಮುಗಿದಮೇಲೆ ನನ್ನ ಧೂಳು ತುಂಬಿದ ಕಾಲು ಅವರ ಕಣ್ಣಿಗೆ ಬಿತ್ತು.

"ಯಾವಾಗ ಬಂದ್ಯಮ್ಮ? ಊಟ ಆತಾ?"

ಎಲೆ ಬಿಟ್ಟು ಎದ್ದಮೇಲೆ ಅವರು ನನ್ನೊಬ್ಬಳನ್ನೇ ವಿಚಾರಿಸಿ ಆಡಿದ ಮೊದಲ ಮಾತು ಅದು.

ತಮ್ಮನೂ ಭಾವನೂ ಈಗಲೂ ಮಾತಾಡುವುದಿಲ್ಲ. ನಾನು ಮಾತ್ರ ಆಗಾಗ ಕಣ್ಣು ತೋರಿಸಿಕೊಳ್ಳಲು ಹೋಗುತ್ತೇನೆ. ತಮ್ಮನಿಗೆ ಎಷ್ಟು ಗೊತ್ತಿದೆಯೋ ತಿಳಿಯದು. ಹೋದ ಸಲ ಬಸ್ಸಿಗೆ ಹತ್ತಿಸಲು ಬಂದವನು ಶೇಂಗಾದ ಚೀಲವೊಂದನ್ನು ನನ್ನ ಕಾಲ ಬಳಿ ಇಟ್ಟು, ಮುಖ ಬೇರೆ ಕಡೆ ತಿರುಗಿಸಿ, ಡಾಕ್ಟರಿಗೆ ಕೊಡು ಎಂದ. ಭಾವ ಅದನ್ನು ಹುರಿಸಿಕೊಂಡು ತಿಂದರು. ಯಾರ ಹೊಲದ್ದು ಎಂದು ಕೇಳಲಿಲ್ಲ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ. ಆದರೆ ಒಬ್ಬರ ಹತ್ತಿರವೇ ಬೇಡ. ಒಂದು ವರ್ಷ ಪುಟ್ಟಿಯ ಮನೆಯಲ್ಲಿರಲಿ, ಒಂದು ವರ್ಷ ಚಿನ್ನುವಿನ ಮನೆಯಲ್ಲಿ. ಮುಂದೆ ನೀವು ಯಾರಿಗೆ ಓಟು ಹಾಕುತ್ತೀರೋ ನನಗೆ ಗೊತ್ತಿಲ್ಲ. ಇವನ್ನು ಇಸಿದುಕೊಂಡು ಹೋಗುವುದಕ್ಕಾದರೂ ಒಬ್ಬರ ಮನೆಗೆ ಒಬ್ಬರು ಬರಬೇಕಾಗುತ್ತದೆ.