ಐದು ದಿನ ತಡವಾಗಿ ಕಂಡ ಕಪ್ಪು ಎಳೆಗಳು

ಬೆಳಗಿನ ಐದೂಕಾಲು. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಈ ನಾಡಿನಲ್ಲಿ ಜೂನ್ ಎಂದರೆ ಚಳಿಗಾಲ. ಪರಾನಾ ನದಿಯ ಮಂಜು ಎನ್ಕಾರ್ನಾಸಿಯೋನ್ ಊರಿನ ಬೀದಿಗಳಿಗೂ ಹಬ್ಬಿದೆ. ಸರಕಾರಿ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ನಿನ್ಫಾ ಒಹೇದಾ ಒಬ್ಬರೇ ನಿಂತು ಗಾಜಿನ ಪಾತ್ರೆ ತೊಳೆಯುತ್ತಿದ್ದಾರೆ. ಒಂದು ಸಲವಲ್ಲ, ನಾಲ್ಕು ಸಲ. ಚೂರು ಕೊಳೆ ಉಳಿದರೂ ಅವರು ಪರೀಕ್ಷೆಗೆ ಬಳಸುವ ಬೆಳ್ಳಿಯ ದ್ರಾವಣ ಕೆಡುತ್ತದೆ. ಲೋಹವೂ ಅದಕ್ಕೆ ತಾಕಬಾರದು. ಅದಕ್ಕೆಂದೇ ಬಡಗಿಯೊಬ್ಬನಿಂದ ಮರದ ಚಿಮಟ ಕೆತ್ತಿಸಿಟ್ಟುಕೊಂಡಿದ್ದಾರೆ.

ಐವತ್ತೆಂಟರ ನಿನ್ಫಾ ಇಪ್ಪತ್ತೊಂಬತ್ತು ವರ್ಷದಿಂದ ಇಲ್ಲಿನ ತಂತ್ರಜ್ಞೆ. ರೋಗಿಯ ದೇಹದಿಂದ ತೆಗೆದ ತುಣುಕುಗಳು, ಯಾವ ಪರೀಕ್ಷೆ ಬೇಕೆಂದು ಬರೆದ ಚೀಟಿಯೊಂದಿಗೆ, ಅವರ ಮೇಜಿಗೆ ಬರುತ್ತವೆ. ಅವನ್ನು ಮೇಣದಲ್ಲಿ ಅಚ್ಚು ಹಾಕಿ, ಕೈಚಕ್ರದ ಯಂತ್ರದಲ್ಲಿ ಕೂದಲಿಗಿಂತ ತೆಳ್ಳಗೆ ಹೆರೆದು, ಬಿಸಿನೀರಿನ ಮೇಲೆ ತೇಲಿಸಿ, ಗಾಜಿನ ಪಟ್ಟಿಗೆ ಎತ್ತಿಕೊಂಡು ಬಣ್ಣ ಹಾಕಬೇಕು. ದಿನಕ್ಕೆ ಅರವತ್ತು ಪಟ್ಟಿ. ನೋಡಿ ಸಹಿ ಹಾಕುವವರು ವೈದ್ಯರು. ನಿನ್ಫಾ ಅವರ ಹೆಸರು ಯಾವ ವರದಿಯಲ್ಲೂ ಇರುವುದಿಲ್ಲ.

ಕೆಲಸ ಶುರುವಾಗುವುದು ಏಳಕ್ಕೆ. ಇಷ್ಟು ಬೇಗ ಬರುವುದೇಕೆಂದು ಕೇಳಿದರೆ, ಮಾತೆ ಎಂಬ ಗಿಡದ ಎಲೆಯ ಬಿಸಿ ಕಷಾಯ ಹೀರಿ ಲೋಟ ಕೆಳಗಿಡುತ್ತಾರೆ. "ಇದು ಯಾರೂ ಹೇಳಿದ ಕೆಲಸ ಅಲ್ಲ. ಹಾಗಾಗಿ ಕೆಲಸದ ಹೊತ್ತಲ್ಲಿ ಮಾಡೋಕಾಗಲ್ಲ."

ಹನ್ನೊಂದು ವರ್ಷದ ಹಿಂದಿನ ಮಾತು. ನದಿ ದಾಟಿಸುವ ದೋಣಿಯಲ್ಲಿ ಹಗ್ಗ ಕಟ್ಟುವ ಕೆಲಸದ ಇಸಬೆಲಿನೋ ಎಂಬಾತನಿಗೆ ಹೃದಯದ ಕವಾಟ ಬದಲಿಸಿ ನಾಲ್ಕು ತಿಂಗಳಾಗಿತ್ತು. ಆಮೇಲೆ ಹಿಡಿದ ಜ್ವರ ಆರು ವಾರವಾದರೂ ಬಿಡಲಿಲ್ಲ. ಔಷಧಿಯ ಮೇಲೆ ಔಷಧಿ ಕೊಟ್ಟರು. ರಕ್ತವನ್ನು ಬಾಟಲಿಯಲ್ಲಿಟ್ಟು ಕಾದರೆ ಏನೂ ಬೆಳೆಯಲಿಲ್ಲ. ಒಂದು ಮಂಗಳವಾರ ಅವನ ಎಡಗಾಲು ತಣ್ಣಗಾಗಿ ನೀಲಿಗಟ್ಟಿತು. ಕಾಲಿನ ರಕ್ತನಾಳದಿಂದ ಹೊರಗೆಳೆದ ಹೆಪ್ಪು ಶೀಸೆಯಲ್ಲಿ ನಿನ್ಫಾ ಅವರ ಮೇಜಿಗೆ ಬಂತು.

"ರಕ್ತದ ಹೆಪ್ಪು ಲೋಳೆ ಲೋಳೆಯಾಗಿರುತ್ತೆ. ಇದು ಬೆಳ್ಳಗೆ, ಹಳೇ ಚೀಸ್ ಥರ ಪುಡಿಪುಡಿ ಆಗ್ತಿತ್ತು. ಕೈಗೇ ಗೊತ್ತಾಯ್ತು."

ಬುಧವಾರ ಬೆಳಗ್ಗೆ ಅವರು ವಿಭಾಗದ ಹಿರಿಯ ವೈದ್ಯರ ಬಾಗಿಲಲ್ಲಿ ನಿಂತರು.

"ಡಾಕ್ಟ್ರೇ, ಇದು ಬರೀ ಹೆಪ್ಪಿನ ಹಾಗಿಲ್ಲ. ಬೆಳ್ಳಿ ಹಾಕಿ ನೋಡ್ಲಾ?"

"ಚೀಟೀಲಿ ಬರೆದಿದೆಯೇನಮ್ಮಾ?"

"ಇಲ್ಲ."

"ಮತ್ತೆ? ಬೆಳ್ಳಿ ಉಳಿದಿರೋದೇ ಅರ್ಧ ಶೀಸೆ. ನೀವು ಮಾಮೂಲಿ ಬಣ್ಣ ಹಾಕಿ ಕೊಡಿ, ನೋಡೋ ಕೆಲಸ ನನಗಿರಲಿ."

ನಿನ್ಫಾ ಮಾಮೂಲಿ ಬಣ್ಣ ಹಾಕಿ ಕೊಟ್ಟರು. ಅವರ ತಾಯಿ ಇದೇ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು. ಬಿಳಿ ಕೋಟಿನವರಿಗೆ ಎದುರಾಡಬೇಡ ಮಗಳೇ, ಹೊಟ್ಟೆಪಾಡು ಹೋಗುತ್ತೆ ಎಂದು ಹೇಳಿಕೊಟ್ಟೇ ಬೆಳೆಸಿದ್ದರು. ಬರೀ ಹೆಪ್ಪು ಎಂದು ವರದಿ ಹೋಯಿತು. ಸೋಮವಾರ ಅಂಥದೇ ಇನ್ನೊಂದು ಚೂರು ಮಿದುಳಿಗೆ ಹೋಗಿ ಇಸಬೆಲಿನೋ ತೀರಿಕೊಂಡ. ಅಂದು ಸಂಜೆ ನಿನ್ಫಾ ಯಾರನ್ನೂ ಕೇಳದೆ ಉಳಿದ ತುಣುಕಿಗೆ ಬೆಳ್ಳಿ ಹಾಕಿದರು. ಮಾಮೂಲಿ ಬಣ್ಣದಲ್ಲಿ ಕಾಣದಿದ್ದ ಎಳೆಗಳು ಬೆಳ್ಳಿ ಹಿಡಿದು, ಹಸಿರು ಹಿನ್ನೆಲೆಯ ಮೇಲೆ ಕಪ್ಪಗೆ ಕವಲೊಡೆದು ಕಂಡವು. ಬೂಷ್ಟು.

"ನಯವಾದ ಕವಾಟಕ್ಕೆ ಏನೂ ಅಂಟಲ್ಲ," ಎಂದು ವಿವರಿಸುತ್ತಾರೆ ಅವರು. "ಒರಟಾಗಿದ್ರೆ, ಇಲ್ಲಾ ಹೊರಗಿಂದ ಹಾಕಿದ್ದಾದ್ರೆ, ಮೇಲೆ ಒಂದು ತೆಳು ಹೆಪ್ಪು ಕಟ್ಟುತ್ತೆ. ನದೀಲಿ ನೆಟ್ಟ ಕಂಬಕ್ಕೆ ಕಸ ಸಿಕ್ಕೊಳ್ಳಲ್ವಾ, ಹಾಗೆ." ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೋ, ವಾರಗಟ್ಟಲೆ ನರದಲ್ಲಿಟ್ಟ ನಳಿಕೆಯಿಂದಲೋ ರಕ್ತಕ್ಕಿಳಿದ ಬೂಷ್ಟು ಆ ಹೆಪ್ಪಿನಲ್ಲಿ ನೆಲೆಯೂರುತ್ತದೆ. ತನ್ನ ಸುತ್ತ ತಾನೇ ಬಲೆ ನೇಯ್ದುಕೊಳ್ಳುತ್ತದೆ. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಅದನ್ನು ಮುಟ್ಟದು. ಬೂಷ್ಟಿನ ಔಷಧಿಯೂ ಬಲೆಯೊಳಕ್ಕೆ ಸರಿಯಾಗಿ ಇಳಿಯದು. ಹೂಕೋಸಿನಂತೆ ಗೊಂಚಲಾಗಿ ಬೆಳೆದು, ಒಂದೊಂದೇ ಚೂರು ಮುರಿದು ಕಾಲಿಗೋ ಮಿದುಳಿಗೋ ಹರಿದುಹೋಗುತ್ತದೆ. ಇಸಬೆಲಿನೋಗೆ ಬಂದ ಬೂಷ್ಟಿನ ಜಾತಿಯಂತೂ ರಕ್ತದ ಬಾಟಲಿಯಲ್ಲಿ ಬೆಳೆಯುವುದೇ ಅಪರೂಪ. ಅದು ಸಿಕ್ಕುವುದಿದ್ದರೆ ಇಂಥ ತುಣುಕಿನಲ್ಲೇ.

ಸತ್ತವನಿಗಾಗಿ ಮಾಡುವ ಒಂಬತ್ತು ದಿನದ ಪ್ರಾರ್ಥನೆ ಮುಗಿದ ಮರುದಿನ ನಿನ್ಫಾ ಇಸಬೆಲಿನೋನ ಮನೆಗೆ ಹೋದರು. ಹೆಂಡತಿ ಪೊರ್ಫಿರಿಯಾ ಚಿಪಾ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಬಸ್ ನಿಲ್ದಾಣದಲ್ಲಿ ಮಾರುವುದಕ್ಕೆ. ನಿನ್ಫಾ ಇದ್ದದ್ದನ್ನು ಇದ್ದಂತೆ ಹೇಳಿದರು.

"ಬುಧವಾರವೇ ಗೊತ್ತಾಗಿದ್ದಿದ್ರೆ ಬದುಕ್ತಿದ್ನಾ?" ಎಂದು ಪೊರ್ಫಿರಿಯಾ ಕೇಳಿದಳು.

"ಗೊತ್ತಿಲ್ಲ. ಈ ಕಾಯಿಲೇಲಿ ಉಳಿಯೋರು ಕಮ್ಮಿ. ಮತ್ತೆ ಕವಾಟ ಬದಲಿಸ್ಬೇಕಿತ್ತು. ಒಂದು ದಾರಿ ಇತ್ತು."

"ಗೊತ್ತಿಲ್ದಿದ್ರೆ ಯಾಕೆ ಬಂದೆ? ನಿನ್ನ ಭಾರ ತಂದು ನನ್ನ ಮೇಲೆ ಹಾಕೋಕಾ?"

ಪೊರ್ಫಿರಿಯಾ ಕೈ ತೊಳೆದುಕೊಂಡು ಬಂದು ಬಾಗಿಲು ತೆರೆದು ನಿಂತಳು. ಅಂದಿನಿಂದ ಇಂದಿನವರೆಗೆ ಇಬ್ಬರ ನಡುವೆ ಮಾತಿಲ್ಲ. "ಅವಳು ಹೇಳಿದ್ದು ಸರಿ. ಅರ್ಧ ನನಗೋಸ್ಕರವೇ ಹೋಗಿದ್ದೆ," ಎಂದು ನಿನ್ಫಾ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

ಆ ವಾರದಿಂದಲೇ ಈ ನಸುಕಿನ ದುಡಿಮೆ ಶುರುವಾದದ್ದು. ಚೀಟಿಯಲ್ಲಿ ಬರೆದಿರಲಿ ಬಿಡಲಿ, ಹೃದಯದ ಕವಾಟವೋ ರಕ್ತನಾಳದ ಹೆಪ್ಪೋ ಬಂದರೆ ಅದರ ಒಂದು ಪಟ್ಟಿಗೆ ನಿನ್ಫಾ ಬೆಳ್ಳಿ ಹಾಕುತ್ತಾರೆ. ಹಿರಿಯ ವೈದ್ಯರು ನಿವೃತ್ತರಾದರು. ಆಮೇಲೆ ಬಂದವರು ಬೇಡವೆನ್ನಲಿಲ್ಲ, ಮಾಡಿ ಎಂದೂ ಹೇಳಲಿಲ್ಲ. ಹನ್ನೊಂದು ವರ್ಷದಲ್ಲಿ ನಾನೂರ ಹನ್ನೆರಡು ತುಣುಕು. ಬೂಷ್ಟಿನ ಕಪ್ಪು ಎಳೆಯೋ ಕಪ್ಪು ಚುಕ್ಕೆಯೋ ಕಂಡದ್ದು ಒಂಬತ್ತರಲ್ಲಿ. ಆ ಒಂಬತ್ತು ಮಂದಿಯಲ್ಲಿ ಆರು ಮಂದಿ ಹೋದರು.

"ಜನ ಬದುಕಿದ ಮೂವರ ಬಗ್ಗೆ ಹೇಳು ಅಂತಾರೆ. ನನಗೆ ಹೋದ ಆರು ಜನರ ಹೆಸರೇ ಬಾಯಿಗೆ ಬರುತ್ತೆ."

ಉಳಿದ ಮೂವರಲ್ಲಿ ಒಬ್ಬಳು ದರ್ಜಿ ಎದೆಲ್ಮಿರಾ. ಕರುಳಿನ ಶಸ್ತ್ರಚಿಕಿತ್ಸೆಯ ನಂತರ ಎರಡು ತಿಂಗಳು ನರಕ್ಕೆ ಹಾಕಿದ ನಳಿಕೆಯಲ್ಲೇ ಆಹಾರ ಪಡೆದವಳು. ಕಳೆದ ಮಾರ್ಚಿನಲ್ಲಿ ಅವಳ ಕೈಯ ರಕ್ತನಾಳದಿಂದ ತೆಗೆದ ಹೆಪ್ಪಿನಲ್ಲಿ ನಿನ್ಫಾ ಬೂಷ್ಟು ತೋರಿಸಿದ ಮೂರನೇ ದಿನ ರಾಜಧಾನಿಯಲ್ಲಿ ಅವಳ ಸೋಂಕು ಹಿಡಿದ ಕವಾಟ ಬದಲಿಸಿದರು. ಬಲಗೈಯ ಎರಡು ಬೆರಳು ಹೋದವು. ಮಾತ್ರೆ ಬದುಕಿರುವಷ್ಟು ದಿನವೂ ನುಂಗಬೇಕು. ಎಡಗೈಯಲ್ಲಿ ಹೊಲಿಯುವುದನ್ನು ಕಲಿಯುತ್ತಿದ್ದಾಳಂತೆ. ಅವಳ ಜೀವ ಉಳಿಸಿದವರು ಯಾರೆಂದು ಅವಳಿಗೆ ಗೊತ್ತಿಲ್ಲ. ಹೇಳಬಾರದೇ ಎಂದರೆ ನಿನ್ಫಾ ಬೇಡವೆಂದು ತಲೆಯಾಡಿಸುತ್ತಾರೆ. "ಮತ್ತೊಂದು ಮನೆ ಬಾಗಿಲು ತಟ್ಟೋ ಧೈರ್ಯ ನನಗಿಲ್ಲ."

ಇನ್ನೆರಡು ವರ್ಷಕ್ಕೆ ಅವರಿಗೆ ನಿವೃತ್ತಿ. ಏನಾದರೂ ಬೇಕೇ ಎಂದು ಕೇಳಿದರೆ ಸನ್ಮಾನದ ಮಾತಿಗೆ ನಗುತ್ತಾರೆ. ಬೇಕಿರುವುದು ಒಂದು ಸಾಲು: ಕವಾಟ, ಹೆಪ್ಪು ಬಂದರೆ ಬೆಳ್ಳಿಯ ಪರೀಕ್ಷೆಯೂ ಆಗಬೇಕೆಂದು ಆಸ್ಪತ್ರೆಯ ಚೀಟಿಯಲ್ಲೇ ಅಚ್ಚಾಗಬೇಕು. ಎರಡು ಅರ್ಜಿ ಕೊಟ್ಟಾಗಿದೆ, ಉತ್ತರವಿಲ್ಲ. ಮೂರನೆಯದನ್ನು ಬರೆಯುತ್ತಿದ್ದಾರೆ.

"ನನ್ನ ಜಾಗಕ್ಕೆ ಬರೋಳು ನನ್ನ ಥರಾನೇ ಹೆದರುಪುಕ್ಕಲಿ ಆಗಿರಬಹುದು," ಎನ್ನುತ್ತಾರೆ ನಿನ್ಫಾ. "ಆಗಿರ್ಲಿ ಪಾಪ. ಚೀಟೀಲೇ ಅಚ್ಚಾಗಿದ್ರೆ ಅವಳು ಯಾರನ್ನೂ ಕೇಳ್ಬೇಕಾಗಲ್ಲ."