ಹೂ ತೆಗೆದು ಒಳಗೆ ಬಾ

ಆ ದಿನ ನಾನು ಮುಡಿದಿದ್ದು ಕನಕಾಂಬರ. ಅಕ್ಕ ಒಪ್ಪುವುದಿಲ್ಲ, ಮಲ್ಲಿಗೆ ಅನ್ನುತ್ತಾಳೆ. ಕನಕಾಂಬರಕ್ಕೆ ವಾಸನೆ ಇರುವುದಿಲ್ಲ, ವಾಸನೆ ಇಲ್ಲದ ಹೂವನ್ನು ತಾನು ಯಾಕೆ ತೆಗೆಸುತ್ತಿದ್ದೆ ಎಂಬುದು ಅವಳ ವಾದ. ತರ್ಕ ಅವಳ ಕಡೆಗಿದೆ. ಆದರೆ ಬಾಗಿಲ ಪಕ್ಕದ ಕಲ್ಲಿನ ಮೇಲೆ ನಾನು ತೆಗೆದಿಟ್ಟ ಆ ಒಂದು ಮೊಳ ಹೂವು ಇವತ್ತಿಗೂ ನನ್ನ ಕಣ್ಣಿಗೆ ಕೇಸರಿಯಾಗಿಯೇ ಕಾಣುತ್ತದೆ. ಅಕ್ಕ ಅಂದರೆ, ಆ ದಿನ ಬೆಳಗ್ಗೆ ಒಂಬತ್ತರ ಸುಮಾರಿಗೆ ನನಗೆ ಮೊಟ್ಟಮೊದಲ ಸಲ ಸಿಕ್ಕಿದ ಅಕ್ಕ. ಆಗ ನನಗೆ ಇಪ್ಪತ್ನಾಲ್ಕು.

ನಾನು ಬೆಳೆದದ್ದು ಗೌರಿಬಿದನೂರಿನಲ್ಲಿ. ಅಪ್ಪ ಸ್ಕೂಲ್ ಮೇಷ್ಟ್ರು. ನಾನು ಪಿ.ಯು.ಸಿ. ಓದುತ್ತಿದ್ದಾಗ ಒಂದು ಮಧ್ಯಾಹ್ನ ಅಮ್ಮ ಅವರೆಕಾಯಿ ಸುಲಿಯುತ್ತ, ಸಾರಿಗೆ ಉಪ್ಪು ಕಡಿಮೆಯಾಯಿತು ಎನ್ನುವ ದನಿಯಲ್ಲಿ, ನನ್ನನ್ನು ಹೆತ್ತವಳು ತಾನಲ್ಲ ಎಂದಳು. ಅಪ್ಪನಿಗೆ ಮೊದಲು ಶಿಡ್ಲಘಟ್ಟದ ಕಡೆ ಒಂದು ಹಳ್ಳಿಯಲ್ಲಿ ಕೆಲಸವಿತ್ತಂತೆ. ಅಲ್ಲಿ ಅಮ್ಮನಿಗೆ ಹುಟ್ಟಿದ ಮಗು ವಾರದೊಳಗೆ ತೀರಿಹೋಯಿತು. ಅದೇ ತಿಂಗಳು ಪಕ್ಕದ ಮನೆಯಾಕೆ ನನ್ನನ್ನು ಹೆತ್ತು, ಕಾಮಾಲೆಯಾಗಿ ಹಾಸಿಗೆ ಹಿಡಿದಳು. ಹಾಲಿಗಾಗಿ ನನ್ನನ್ನು ತಂದು ಅಮ್ಮನ ಮಡಿಲಿಗೆ ಹಾಕಿದರು. ಆಕೆ ಎದ್ದು ಓಡಾಡುವ ಹೊತ್ತಿಗೆ ಅಪ್ಪನಿಗೆ ವರ್ಗವಾಗಿತ್ತು. ಪಾತ್ರೆ ಪಗಡದ ಜೊತೆ ನಾನೂ ಲಾರಿ ಹತ್ತಿದೆ.

"ಸುಮ್ನೆ ಎತ್ಕೊಂಡು ಬಂದ್ಬಿಟ್ರಾ?"

"ಹಂಗೆ ಎತ್ಕೊಂಡು ಬರಕ್ಕೆ ನೀನೇನು ಸೌತೆಕಾಯೇನೇ? ಅವಳೇ ಕೊಟ್ಳು. ನಿಮ್ಮ ಹತ್ರಾನೇ ಇರ್ಲಿ ಮೇಷ್ಟ್ರಮ್ಮ, ನಿಮಗೇ ಒಗ್ಗಿದೆ ಅಂದ್ಳು."

ಯಾಕೆ ಕೊಟ್ಟಳು ಎಂಬುದು ಇದರಿಂದ ತಿಳಿಯಿತು. ಕೊಟ್ಟಮೇಲೆ ಒಂದು ಸಲವಾದರೂ ಯಾಕೆ ನೋಡಲು ಬರಲಿಲ್ಲ ಎಂಬುದು ಮಾತ್ರ ನನ್ನೊಳಗೆ ಉಳಿದುಕೊಂಡಿತು. ಕೇಳಿದರೆ ಅಮ್ಮ ಸಿಪ್ಪೆ ಬಾಚಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಚಿಕ್ಕಬಳ್ಳಾಪುರದಲ್ಲಿ ಕೆಲಸ ಸಿಕ್ಕಿ, ಅಲ್ಲೇ ರೂಮು ಮಾಡಿದಮೇಲೆ, ಹೆತ್ತವಳನ್ನೇ ಕೇಳಿಬಿಡೋಣ ಎಂದು ಹೊರಟೆ. "ಹೋಗು, ಕೇಳ್ಕೊಂಡು ಬಾ," ಎಂದಳು ಅಮ್ಮ. ಮುಖ ನೋಡಲಿಲ್ಲ.

ಹುಡುಕಾಟಕ್ಕೆ ಮೂರು ಭಾನುವಾರ ಹಿಡಿಯಿತು. ಮೊದಲ ಭಾನುವಾರ ಹಳೆಯ ಹಳ್ಳಿಗೆ ಹೋದರೆ, ಅವರು ಚಿಂತಾಮಣಿಗೆ ಹೋಗಿ ಎಷ್ಟೋ ವರ್ಷವಾಯಿತು ಎಂದರು. ಎರಡನೆಯ ಭಾನುವಾರ ಚಿಂತಾಮಣಿಯ ಮಾರ್ಕೆಟ್ಟಿನಲ್ಲಿ ಟೀ ಅಂಗಡಿಯವನೊಬ್ಬ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, "ವಾಳ್ಳಾ, ಅವ್ರಾ? ಯಜಮಾನ ಹೋದ್ಮೇಲೆ ತಾಯಿ ಮಗಳು ವಾಪಸ್ ಹೋದ್ರಮ್ಮ. ಶಿಡ್ಲಘಟ್ಟದ ಪಕ್ಕದಲ್ಲೇ ರೇಷ್ಮೆ ಹುಳ ಸಾಕ್ತಾರೆ," ಎಂದು ದಾರಿ ಹೇಳಿದ. ನೋಡಿದರೆ ಅದು ಮೊದಲ ಹಳ್ಳಿಯಿಂದ ನಡೆದು ಹೋಗುವಷ್ಟು ದೂರ.

ಮೂರನೆಯ ಭಾನುವಾರ ಸೀರೆ ಉಟ್ಟು, ಪೌಡರ್ ಹಾಕಿ, ಹೂ ಮುಡಿದು, ಬಸ್ಸಿನಲ್ಲಿ ಒಂದು ಭಾಷಣ ತಯಾರು ಮಾಡಿಕೊಂಡು ಹೋದೆ. ಹುಳಕ್ಕೆ ರೋಗ ತಾಗದಿರಲೆಂದು ಬಾಗಿಲಿಗೆ ಅಡ್ಡವಾಗಿ ಸುಣ್ಣದ ಪುಡಿ ಸುರಿದಿತ್ತು. ಅದರಾಚೆ ನನಗಿಂತ ಮೂರು ನಾಲ್ಕು ವರ್ಷ ದೊಡ್ಡವಳೊಬ್ಬಳು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು.

"ಇಷ್ಟೊತ್ತಿಗಾ ಬರೋದು? ಬೆಳಕು ಹರಿಯೋಷ್ಟ್ರಲ್ಲಿ ಬಾ ಅಂತ ಹೇಳಿ ಕಳ್ಸಿದ್ರೆ ಬಿಸಿಲೇರಿದ್ಮೇಲೆ ಬರ್ತೀಯಲ್ಲಮ್ಮ!"

"ನಾನು..."

"ಆಮೇಲೆ ಹೇಳು. ಏನಿದು, ಪೌಡರಾ? ಮದುವೆಗೆ ಬಂದಿದೀಯಾ? ಹೂ ತೆಗೆದು ಒಳಗೆ ಬಾ. ಮುಖ ತೊಳ್ಕೊ, ಸೋಪು ಮುಟ್ಬೇಡ. ವಾಸನೆ ಹುಳಕ್ಕಾಗಲ್ಲ."

ರೇಷ್ಮೆ ಹುಳ ಹಣ್ಣಾಗುವ ದಿನ ಆ ಕಡೆಯ ಮನೆಗಳಲ್ಲಿ ಬೇರೆ ಯಾವ ಮಾತಿಗೂ ಜಾಗವಿಲ್ಲ. ಹಣ್ಣಾದ ಹುಳ ಸೊಪ್ಪು ಬಿಟ್ಟು, ತಲೆ ಎತ್ತಿ, ನೂಲು ಬಿಡಲು ಜಾಗ ಹುಡುಕುತ್ತದೆ. ಒಂದೊಂದನ್ನೇ ಆರಿಸಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ತಡವಾದರೆ ಕಸದಲ್ಲೇ ಗೂಡು ಕಟ್ಟಿ ಕೆಡುತ್ತದೆ. ಅದಕ್ಕೇ ಸುತ್ತಲಿನವರಿಗೆಲ್ಲ ಹೇಳಿ ಕಳಿಸುತ್ತಾರೆ. ಪಕ್ಕದ ಊರಿನಿಂದ ಬರಬೇಕಿದ್ದ ಕೂಲಿಯವಳು ನಾನೇ ಎಂದು ಅವಳು ತಿಳಿದಿದ್ದಳು. ಅಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಭಾಷಣ ಮರೆತುಹೋಗಿತ್ತು ಅನ್ನುವುದು ಒಂದು ಕಾರಣ. ಯಾರೂ ಅಲ್ಲದವಳಾಗಿ ಆ ಮನೆಯನ್ನು ಒಮ್ಮೆ ನೋಡಿಬಿಡುವ ಆಸೆ ಇನ್ನೊಂದು. ಎರಡನೆಯದು ಬರೆಯುವಾಗ ಹೊಳೆದದ್ದಿರಬಹುದು.

ಒಳಗೆ ಹುಳದ ಅಗಲ ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಹೆಂಗಸು ತಲೆ ಎತ್ತದೆ, "ಇಲ್ಲಿ ಕೂತ್ಕೊಮ್ಮ," ಎಂದು ಸರಿದು ಜಾಗ ಕೊಟ್ಟಳು. ಅವಳೇ ಎಂದು ಆ ಕ್ಷಣವೇ ತಿಳಿಯಿತು ಎಂದು ಬರೆಯಲು ಕೈ ತುರಿಸುತ್ತದೆ. ತಿಳಿಯಲಿಲ್ಲ. ಬಾಗಿಲಲ್ಲಿದ್ದವಳು ಬಂದು, "ಅಮ್ಮ, ಆ ತಟ್ಟೆ ಈ ಕಡೆ ಕೊಡು," ಎಂದಾಗ ತಿಳಿಯಿತು.

ನಾನು ಎತ್ತಿದ ಮೊದಲ ಹುಳ ನೋಡಿ ಹೆತ್ತಮ್ಮ ನಕ್ಕಳು. "ಇದಿನ್ನೂ ಕಾಯಿ ಕಣಮ್ಮ, ಸೊಪ್ಪು ತಿನ್ನುತ್ತೆ. ವಾಪಸ್ ಬಿಡು. ಬೆಳಕಿಗೆ ಹಿಡಿದ್ರೆ ದ್ರಾಕ್ಷಿ ಥರ ಒಳಗೆಲ್ಲ ಕಾಣ್ಬೇಕು, ನೋಡು." ನನ್ನ ಬೆರಳು ಹಿಡಿದು ತೋರಿಸಿದಳು. ಅವಳ ಕೈ ಬೆಚ್ಚಗಿತ್ತು ಎಂದು ಮೊದಲ ಸಲ ಬರೆದಾಗ ಖುಷಿಯಾಗಿತ್ತು. ಆಮೇಲೆ ನೆನಪಾಯಿತು, ಹುಳ ತಣ್ಣಗಿರುತ್ತವೆ. ಅವುಗಳ ನಡುವೆ ಯಾರ ಕೈಯಾದರೂ ಬೆಚ್ಚಗೇ.

ನಾಲ್ಕು ಗಂಟೆ ಹೊತ್ತು ಅವಳ ತೊಡೆಗೆ ತೊಡೆ ತಾಗಿಸಿ ಕೂತೆ. ಮಧ್ಯಾಹ್ನ ಅವಳು ತಟ್ಟೆಗೆ ಮುದ್ದೆ ಹಾಕಿ ಬಸ್ಸಾರು ಬಿಡುತ್ತಿದ್ದಾಗ ಹುಡುಗಿಯೊಬ್ಬಳು ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು. "ಬಸ್ ಸಿಗ್ಲಿಲ್ಲ ಕಣಕ್ಕ, ನಡ್ಕೊಂಡೇ ಬಂದೆ."

ಅಕ್ಕ ಅವಳನ್ನು ನೋಡಿದಳು. ನನ್ನನ್ನು ನೋಡಿದಳು.

"ಹಂಗಾದ್ರೆ ನೀನ್ಯಾರೇ?"

ಬಸ್ಸಿನಲ್ಲಿ ತಯಾರು ಮಾಡಿದ ಭಾಷಣದಲ್ಲಿ ಉಳಿದಿದ್ದು ಇಷ್ಟೇ: "ಗೌರಿಬಿದನೂರು. ಮೇಷ್ಟ್ರ ಮಗಳು."

ಹೆತ್ತಮ್ಮ ಸೌಟು ಕೆಳಗಿಟ್ಟಳು. ನನ್ನ ಕಡೆ ತಿರುಗಲಿಲ್ಲ, ಅಕ್ಕನ ಕಡೆ ತಿರುಗಿದಳು. "ಅಯ್ಯೋ ನಿನ್ನ! ನನ್ನ ಮಗಳು ಹೂ ಮುಡ್ಕೊಂಡು ಮನೆಗೆ ಬಂದ್ರೆ, ಹೂ ತೆಗೆಸಿ ಕೂಲಿಗೆ ಕೂರಿಸ್ತೀಯೇನೇ?"

"ನಾಲ್ಕು ಗಂಟೆ ಪಕ್ಕದಲ್ಲಿ ಕೂರಿಸ್ಕೊಂಡಿದ್ದೋಳು ನೀನು! ಹೆತ್ತೋಳು ನೀನು, ಗುರುತು ನಾನು ಹಿಡೀಬೇಕಾ?"

ಮೊದಲು ನಕ್ಕಿದ್ದು ಕೂಲಿಯ ಹುಡುಗಿ. ಆಮೇಲೆ ಎಲ್ಲರೂ. ನನ್ನ ಕಣ್ಣು ತುಂಬಿದ್ದು ನೋಡಿ ಹೆತ್ತಮ್ಮ ಸೆರಗಿನಿಂದ ಒರೆಸಿ, "ಅಳೋದೆಲ್ಲ ಸಂಜೆಗೆ ಇಟ್ಕೊಳೋಣ ಕಣಮ್ಮ. ಹುಳ ಕಾಯಲ್ಲ. ಉಣ್ಣು," ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಆ ಮನೆಯ ಒಲೆಯ ಹೊಗೆಯೂ ಜೋರಾಗಿತ್ತು.

ಸಂಜೆ ಚಂದ್ರಿಕೆಗಳನ್ನೆಲ್ಲ ಗಾಳಿಗೆ ಒರಗಿಸಿ, ಕೈ ತೊಳೆದು ಜಗಲಿ ಮೇಲೆ ಕೂತಾಗ ಕೇಳಿಯೇಬಿಟ್ಟೆ. "ಒಂದು ಸಲವಾದ್ರೂ ಯಾಕೆ ಬರ್ಲಿಲ್ಲ?"

"ಬಂದಿದ್ನಲ್ಲ! ಹಿಪ್ಪುನೇರಳೆ ಹಣ್ಣು ಕಟ್ಕೊಂಡು ಬಂದಿದ್ದೆ. ಮೂರು ವರ್ಷದೋಳು ನೀನು, ತಿಂದು ಬಾಯೆಲ್ಲ ನೇರಳೆ. ಎತ್ಕೊಳಕ್ಕೆ ಹೋದ್ರೆ ಕಿರುಚ್ಕೊಂಡು ಮೇಷ್ಟ್ರಮ್ಮನ ಸೆರಗಲ್ಲಿ ಬಚ್ಚಿಟ್ಕೊಂಡೆ. ಮಗೂಗೆ ಅಮ್ಮ ಯಾರು ಅಂತ ಗೊತ್ತಾಗೋಯ್ತು, ಇನ್ನು ಹೋಗಿ ಗಲಿಬಿಲಿ ಮಾಡ್ಬಾರ್ದು ಅನ್ನಿಸ್ತು."

ಮುಂದಿನ ವಾರ ಗೌರಿಬಿದನೂರಿಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಈ ಸಲ ಹಿತ್ತಲಿಗೆ ಹೋಗಲಿಲ್ಲ.

"ಬಂದಿದ್ಳು, ನಿಜ. ಆದ್ರೆ ನೀನು ಕಿರುಚಲೇ ಇಲ್ಲ. ಅವಳ ತೊಡೆ ಮೇಲೆ ಹಾಯಾಗಿ ನಿದ್ದೆ ಹೋಗ್ಬಿಟ್ಟೆ. ನನ್ನ ಎದೆ ಧಸಕ್ ಅಂತು. ಮತ್ತೆ ಬಾ ಅಂತ ಅವಳನ್ನ ಕರೀಲಿಲ್ಲ ನಾನು."

ಇಬ್ಬರಲ್ಲಿ ಯಾರದು ನಿಜ? ನೇರಳೆ ಮೆತ್ತಿದ ಪುಟ್ಟ ಬಾಯಿ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ನನ್ನ ಬಾಯನ್ನು ನಾನು ಹೊರಗಿನಿಂದ ನೋಡಿದ್ದು ಹೇಗೆ? ಅದು ಅವರಿಂದ ಪಡೆದ ಚಿತ್ರ. ನನಗೆ ಗೊತ್ತಿರುವುದಿಷ್ಟೇ: ಇಬ್ಬರ ಕಥೆಯಲ್ಲೂ ಮಗು ಇನ್ನೊಬ್ಬಳ ಮಡಿಲಿನಲ್ಲಿದೆ.

ಎರಡು ತಿಂಗಳ ಮೇಲೆ ಅಕ್ಕನ ಪೋಸ್ಟ್ ಕಾರ್ಡ್ ಬಂತು. "ಭಾನುವಾರ ಹುಳ ಹಣ್ಣಾಗ್ತವೆ. ಮೇಷ್ಟ್ರಮ್ಮನ್ನೂ ಕರ್ಕೊಂಡು ಬೇಗ ಬಾ. ಹೂ ಬೇಡ." ಕೊನೆಯ ಎರಡು ಪದ ಅಮ್ಮನಿಗೆ ಓದಿ ಹೇಳಲು ಮರೆತೆನೋ ಏನೋ. ಅಮ್ಮ ಇಪ್ಪತ್ತು ವರ್ಷದ ಮೇಲೆ ನೋಡುವವಳ ಮನೆಗೆ ಬರಿದಲೆಯಲ್ಲಿ ಹೋಗಲಾರದೆ, ದಂಡೆ ಕನಕಾಂಬರ ಮುಡಿದು ಬಂದಳು. ಅಕ್ಕ ಬಾಗಿಲಲ್ಲೇ ತಡೆದು ತೆಗೆಸಿದಳು.

"ಇದಕ್ಕೆ ವಾಸನೆ ಎಲ್ಲಿದೆಯೇ?" ಎಂದೆ ನಾನು.

"ಹೂವಂದ್ರೆ ಹೂವೇ. ಸುಮ್ನೆ ಒಳಗೆ ನಡಿ."

ಒಳಗೆ ಒಂದೇ ತಟ್ಟೆಯ ಆ ಕಡೆ ಈ ಕಡೆ ಇಬ್ಬರೂ ಕೂತರು. ಮೊದಲ ಹುಳ ಎತ್ತುವ ಮೊದಲೇ ಶುರುವಾಯಿತು.

"ಕಿರುಚಿದ್ಳು ಮೇಷ್ಟ್ರಮ್ಮ, ನಿಮ್ಮ ಸೆರಗು ಹಿಡ್ಕೊಂಡಿದ್ಳು."

"ಇಲ್ಲ ಕಣೇ, ನಿನ್ನ ತೊಡೆ ಮೇಲೆ ಮಲಗಿದ್ಳು. ಏಳಿಸಕ್ಕೆ ನನಗೆ ಸಾಕಾಗೋಯ್ತು."

ಅಕ್ಕ ಇನ್ನೊಂದು ತಟ್ಟೆ ತಂದು ಇಬ್ಬರ ನಡುವೆ ಇಟ್ಟಳು. "ಅಮ್ಮಂದಿರೇ, ಬಾಯಿಗಿಂತ ಕೈ ಜೋರಾಗಿ ಆಡ್ಸಿ. ನೀನೂ ಕೂತ್ಕೊಳ್ಳೇ," ಎಂದಳು. ಇಬ್ಬರೂ ಒಟ್ಟಿಗೆ ಸರಿದು ನಡುವೆ ಜಾಗ ಬಿಟ್ಟರು.