ಹೆದರಿದ್ದಕ್ಕೆ ಆಪರೇಷನ್ ಆಯಿತಂತೆ

ಗರ್ಭಪರೀಕ್ಷೆಯ ಕಿಟ್‌ಗಳು ನನ್ನ ಚೀಲದಲ್ಲಿ ಯಾವಾಗಲೂ ನಾಲ್ಕೈದು ಇರುತ್ತವೆ. ನಾನು ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿ ಕಡೆಯ ಆಶಾ ಕಾರ್ಯಕರ್ತೆ. ಊರಿನ ಹೆಂಗಸರಿಗೆ ಕೊಡಲು ಇಟ್ಟುಕೊಂಡದ್ದರಲ್ಲಿ ಒಂದನ್ನು ಹೋದ ವರ್ಷ ಒಂದು ಬೆಳಿಗ್ಗೆ ನಾನೇ ಬಳಸಿದೆ.

ಎರಡು ಗೆರೆ.

ಖುಷಿಯಾಯಿತು. ಆದರೆ ಆ ಖುಷಿಯ ಬೆನ್ನಿಗೇ ಕೈ ಹೊಟ್ಟೆಯ ಕೆಳಗಿನ ಹಳೇ ಹೊಲಿಗೆಯ ಗುರುತಿಗೆ ಹೋಯಿತು. ಅದಕ್ಕೂ ನಾಲ್ಕು ವರ್ಷದ ಹಿಂದೆ ಮಗಳು ಸಾನ್ವಿ ಹುಟ್ಟಿದ್ದು ಸಿಸೇರಿಯನ್ ಆಗಿ. ಆಗಿನ್ನೂ ನಾನು ಆಶಾ ಆಗಿರಲಿಲ್ಲ. ಲೇಬರ್ ರೂಮಿನಲ್ಲಿ ನೋವು ತಿನ್ನುತ್ತ ಕಿರುಚುತ್ತಿದ್ದೆ. ಯಾರೋ ಬಂದು ಪರೀಕ್ಷೆ ಮಾಡಿದರು. ಯಾರೋ ಹೊರಗೆ ಹೋಗಿ ನಮ್ಮವರ ಜೊತೆ ಮಾತಾಡಿದರು. ಕೈಗೆ ಪೆನ್ನು ಬಂತು, ಸಹಿ ಹಾಕಿದೆ. ಏನು, ಯಾಕೆ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆಮೇಲೆ ಮಗು ನೋಡಲು ಬಂದವರಿಗೆಲ್ಲ ಅತ್ತೆ ಹೇಳುತ್ತಿದ್ದದ್ದು ಒಂದೇ ಮಾತು. "ಎಂತ ಮಾಡೂದು, ಹೆದ್ರಿ ಕಿರುಚಾಡಿದ್ಳು. ಅದ್ಕೇ ಆಪರೇಷನ್ ಆಯ್ತು."

ನಾನೂ ಅದನ್ನೇ ನಂಬಿದೆ.

ನಂಬಿ ಸುಮ್ಮನಿದ್ದರೆ ಆಗುತ್ತಿತ್ತು. ಆಶಾ ಆದ ಮೇಲೆ ಅದನ್ನು ಊರಿಗೆಲ್ಲ ಹಂಚಿದೆ. ಮಂಗನ ಕಾಯಿಲೆಯ ಉಣ್ಣೆ ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆಯ ಬಾಟಲಿ ಕೊಡುವಷ್ಟೇ ಸಲೀಸಾಗಿ, "ಧೈರ್ಯವಾಗಿರು, ಹೆದರಿದ್ರೆ ಆಪರೇಷನ್ ಮಾಡ್ತಾರೆ ನೋಡು" ಎಂದು ಎಷ್ಟು ಬಸುರಿಯರಿಗೆ ಹೇಳಿದ್ದೇನೋ, ಲೆಕ್ಕವಿಲ್ಲ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮೂರು ತಿಂಗಳು ತುಂಬಿದಾಗ ಕೊಪ್ಪದಲ್ಲಿ ಡಾಕ್ಟರ್ ಹತ್ತಿರ ಹೋದೆ. ನಡುವಯಸ್ಸಿನ ಹೆಂಗಸು, ಮಾತು ಕಮ್ಮಿ. ಈ ಸಲ ನಾರ್ಮಲ್ ಹೆರಿಗೆ ಆಗಬಹುದಾ ಎಂದು ಕೇಳಿದೆ.

"ಮೊದಲನೇದು ಯಾಕೆ ಆಪರೇಷನ್ ಆಯ್ತು?"

"ಹೆದರಿಬಿಟ್ಟಿದ್ದೆ ಮೇಡಂ."

ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಹೆದರಿಕೆ ಅನ್ನೋ ಕಾರಣಕ್ಕೆ ಯಾರೂ ಹೊಟ್ಟೆ ಕೊಯ್ಯಲ್ಲ. ಡಿಸ್ಚಾರ್ಜ್ ಸಮರಿ ಮನೇಲಿ ಇರಬೇಕಲ್ಲ, ತಗೊಂಡು ಬನ್ನಿ."

ಕಂಡವರ ಮನೆಯ ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ಎಲ್ಲ ತಿರುವಿ ನೋಡುವವಳು ನಾನು. ನನ್ನದೇ ಫೈಲನ್ನು ನಾಲ್ಕು ವರ್ಷ ತೆರೆದಿರಲಿಲ್ಲ. ಅದರಲ್ಲಿ ನನ್ನ ಹೇಡಿತನವನ್ನೇ ಬರೆದಿಟ್ಟಿದ್ದಾರೆ ಎಂಬಂತೆ ಬೀರುವಿನಲ್ಲಿ ಸೀರೆಗಳ ಅಡಿಗೆ ತಳ್ಳಿದ್ದೆ. ಅಂದು ಸಂಜೆ ಹೊರಗೆ ತೆಗೆದೆ. ಎರಡನೇ ಹಾಳೆಯ ನಡುವೆ, ಆಪರೇಷನ್‌ಗೆ ಕಾರಣ ಎಂಬಲ್ಲಿ ಒಂದೇ ಪದ ಇತ್ತು.

ಬ್ರೀಚ್.

ಅಂದರೆ ಮಗು ತಲೆ ಕೆಳಗೆ ಮಾಡಿರಲಿಲ್ಲ, ಕುಂಡೆ ಊರಿ ಕೂತಿತ್ತು. ನಾನು ಕಿರುಚಿದರೂ, ಬಾಯಿ ಮುಚ್ಚಿಕೊಂಡಿದ್ದರೂ ಅದು ಕೂತಲ್ಲೇ ಕೂತಿರುತ್ತಿತ್ತು.

ಗಂಡ ಪ್ರಕಾಶ ಕಮ್ಮರಡಿಯಲ್ಲಿ ಆಟೊ ಓಡಿಸುತ್ತಾರೆ. ಅವರು ಮನೆಗೆ ಬಂದ ಕೂಡಲೇ ಮುಖದೆದುರು ಆ ಹಾಳೆ ಹಿಡಿದೆ. ಅವರು ಆರಾಮವಾಗಿ ಓದಿದರು.

"ಹೌದಲ್ಲ. ಕೂಸು ಉಲ್ಟಾ ಇದೆ ಅಂತ ಡಾಕ್ಟ್ರು ಆವತ್ತೇ ಹೇಳಿದ್ರು. ನಿಂಗೂ ಹೇಳಿದಾರೆ ಅಂದ್ಕಂಡಿದ್ದೆ."

"ನಿಮ್ಮಮ್ಮ ಊರಿಗೆಲ್ಲ ಹೆದ್ರಿದ್ಳು ಹೆದ್ರಿದ್ಳು ಅಂತ ಹೇಳ್ವಾಗ ನಿಮ್ಗೆ ಬಾಯಿ ಇರ್ಲಿಲ್ವಾ?"

"ಅಮ್ಮ ಎಂತಾದ್ರೂ ಹೇಳ್ತದೆ. ಅದ್ನೆಲ್ಲ ಮನಸ್ಸಿಗೆ ಹಚ್ಕೊಳ್ತಾರಾ ಮಾರಾಯ್ತಿ?"

ಹಚ್ಚಿಕೊಂಡಿದ್ದೆ. ನಾಲ್ಕು ವರ್ಷ. ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಮೂರನೇ ದಿನ ಕೊಪ್ಪಕ್ಕೆ ಹೋಗಲು ಆಟೊ ಬೇಕಿತ್ತು, ಮಾತಾಡಬೇಕಾಯಿತು.

ಅತ್ತೆಗೆ ಓದಲು ಬರುವುದಿಲ್ಲ. ಆ ಹಾಳೆಯನ್ನು ಅವರಿಗೆ ಓದಿ ಹೇಳಿದೆ. ಅವರು ದನಕ್ಕೆ ಅಕ್ಕಚ್ಚು ಕೊಡಲಿಕ್ಕಿದೆ ಎಂದು ಎದ್ದು ಹೋದರು. ನನಗೆ ಕೆಟ್ಟ ಸಿಟ್ಟು ಬಂತು.

ಡಾಕ್ಟರ್ ಸಮರಿ ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಈ ಸಲದ ಮಗು ತಲೆ ಕೆಳಗೆ ಮಾಡಿದರೆ ನಾರ್ಮಲ್‌ಗೆ ಪ್ರಯತ್ನ ಮಾಡಬಹುದು. ಆದರೆ ನೋವಿನ ಹೊತ್ತಿನಲ್ಲಿ ಒಳಗಿನ ಹಳೇ ಹೊಲಿಗೆ ಬಿಡುವ ಅಪಾಯ ಇದೆ. ಅದು ಕಮ್ಮಿ, ಆದರೆ ಇಲ್ಲ ಎನ್ನುವ ಹಾಗಿಲ್ಲ. ಬಿಟ್ಟರೆ ತಾಯಿ, ಮಗು ಇಬ್ಬರಿಗೂ ಕಷ್ಟ. ಅದಕ್ಕೇ ಯಾವ ಹೊತ್ತಿಗೂ ಆಪರೇಷನ್ ಮಾಡಲು ಆಗುವ, ರಕ್ತ ಸಿಗುವ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು, ಶಿವಮೊಗ್ಗಕ್ಕೆ ಹೋಗಿ ಎಂದರು. ಅಪಾಯವನ್ನು ಮುಚ್ಚಿಡದೆ ಹೇಳಿದ್ದಕ್ಕೋ ಏನೋ, ನನಗೆ ಧೈರ್ಯ ಬಂತು.

ನಮ್ಮಿಂದ ಶಿವಮೊಗ್ಗ ದೂರ. ನನ್ನ ತವರು ಮೆಣಸೆ, ಶೃಂಗೇರಿಯ ಹತ್ತಿರ, ಅಲ್ಲಿಂದ ಇನ್ನೂ ದೂರ. ಹಾಗಾಗಿ ಎಂಟು ತಿಂಗಳು ತುಂಬಿದ ಮೇಲೆ ನರಸಿಂಹರಾಜಪುರದಲ್ಲಿರುವ ಅಕ್ಕನ ಮನೆಗೆ ಹೋಗಿರುವುದು ಎಂದು ತೀರ್ಮಾನಿಸಿದೆ. ಅತ್ತೆಗೆ ಇದು ಹಿಡಿಸಲಿಲ್ಲ. "ಎರಡ್ನೇದಕ್ಕೆ ಗಂಡನ ಮನೆ ಬಿಟ್ಟು ಅಕ್ಕನ ಮನೆಗೆ ಹೋಗೂದಾ? ಕೇಳಿದವ್ರಿಗೆ ಎಂತ ಹೇಳೂದು ನಾನು?"

"ಈ ಸಲ ನನ್ನ ಹತ್ರ ಒಂದು ಮಾತು ಕೇಳ್ಕಂಡು ಹೇಳಿ," ಎಂದೆ. ಚುಚ್ಚಬೇಕೆಂದೇ ಹೇಳಿದ್ದು. ತಾಗಿತು. ಹೊರಡುವ ದಿನ ಬಾಣಂತಿಗೆಂದು ಕಾಯಿಸಿಟ್ಟ ತುಪ್ಪದ ಡಬ್ಬಿಯನ್ನು ಅತ್ತೆ ನನ್ನ ಚೀಲಕ್ಕೆ ಹಾಕಿದರು.

ಅಕ್ಕನ ಮನೆಯ ಆ ಐದು ವಾರ ನನ್ನ ಜೀವನದಲ್ಲಿ ಸಿಕ್ಕ ಮೊದಲ ರಜೆ. ಬೆಳಿಗ್ಗೆ ಬಿಸಿಲೇರುವ ಮೊದಲು ನಡಿಗೆ. ಆಮೇಲೆ ನೆಲದ ಮೇಲೆ ಕೂತು ಎರಡೂ ಪಾದ ಜೋಡಿಸಿ ಚಿಟ್ಟೆ ರೆಕ್ಕೆ ಆಡಿಸಿದ ಹಾಗೆ ಮಂಡಿ ಆಡಿಸುವುದು. ಸಾನ್ವಿ ಎದುರು ಕೂತು ನನಗಿಂತ ಜೋರಾಗಿ ಆಡಿಸುತ್ತಿದ್ದಳು. ನೋವು ಬಂದಾಗ ಉಸಿರನ್ನು ಉದ್ದಕ್ಕೆ ಬಿಡುವುದನ್ನು ಅಕ್ಕನಿಗೂ ಕಲಿಸಿದೆ, ಲೇಬರ್ ರೂಮಿಗೆ ಜೊತೆಗೆ ಬರುವವಳು ಅವಳೇ ಆದ್ದರಿಂದ. ಅವಳು ದೋಸೆ ಹುಯ್ಯುವಾಗಲೂ ಹಾಗೇ ಉಸಿರು ಬಿಡುತ್ತಿದ್ದಳು. ಮಧ್ಯಾಹ್ನ ನನ್ನ ಡೈರಿಯ ಕೊನೆಯ ಪುಟದಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಬರೆಯುತ್ತಿದ್ದೆ. ಮಗು ತಲೆ ಕೆಳಗೆ ಮಾಡಿತ್ತು. ಸ್ಕ್ಯಾನಿಂಗ್‌ನಲ್ಲಿ ಅದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಒಂದು ಬೆಳಿಗ್ಗೆ ಕಾಫಿ ಕುಡಿಯುವಾಗ ನೋವು ಶುರುವಾಯಿತು. ಬಿಟ್ಟು ಬಿಟ್ಟು ಬಂತು, ನಿಲ್ಲಲಿಲ್ಲ. ಬಾಡಿಗೆ ಕಾರಿನಲ್ಲಿ ಶಿವಮೊಗ್ಗ ಮುಟ್ಟಿದಾಗ ಗರ್ಭದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿತ್ತು. ಹೊಟ್ಟೆಗೆ ಮಾನಿಟರ್ ಕಟ್ಟಿದರು. ಕಲಿತ ಉಸಿರಾಟ ಹನ್ನೊಂದು ಗಂಟೆಯವರೆಗೆ ನಡೆಯಿತು. ಆಮೇಲೆ ಕಿರುಚಿದೆ. ಹೋದ ಸಲಕ್ಕಿಂತ ಜೋರಾಗಿಯೇ ಕಿರುಚಿದೆ. ಸತ್ತೇ ಹೋಗುತ್ತೇನೆ, ಸಾನ್ವಿಯನ್ನು ನೋಡಿಕೋ ಎಂದು ಅಕ್ಕನಿಗೆ ಹೇಳಿದೆನಂತೆ.

ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಏಳು ಸೆಂಟಿಮೀಟರ್‌ಗೆ ಬಂದು ನಿಂತಿತು. ಡಾಕ್ಟರ್ ಬಂದರು. ಚಿಕ್ಕ ವಯಸ್ಸಿನವರು. ಸುದ್ದಿ ತಿಳಿದು ಬಂದಿದ್ದ ಪ್ರಕಾಶ ಬಾಗಿಲಾಚೆ ನಿಂತಿದ್ದರು. ಡಾಕ್ಟರ್ ಅತ್ತ ಹೋಗಲಿಲ್ಲ. ಸ್ಟೂಲ್ ಎಳೆದು ನನ್ನ ತಲೆಯ ಹತ್ತಿರ ಕೂತರು.

"ನಿಧಾನ ಆಗ್ತಾ ಇದೆ. ಮಗುವಿನ ಹಾರ್ಟ್‌ಬೀಟ್ ಚೆನ್ನಾಗಿದೆ. ಇನ್ನೆರಡು ಗಂಟೆ ಕಾಯಬಹುದು. ಸಾಕು ಅನ್ಸಿದ್ರೆ ಈಗಲೇ ಆಪರೇಷನ್ ಮಾಡಬಹುದು. ಎರಡೂ ತಪ್ಪಲ್ಲ. ನೀವು ಹೇಳಿ."

ನನ್ನನ್ನು ಕೇಳಿದರು.

ಡೈರಿಯಲ್ಲಿ ಬರೆದದ್ದು ಒಂದೂ ನೆನಪಾಗಲಿಲ್ಲ. "ಕಾದ್ರೆ ಮಗುವಿಗೆ ಏನಾದ್ರೂ ಆಗ್ತದಾ?" ಎಂದಷ್ಟೇ ಕೇಳಿದೆ.

"ನೋಡ್ತಾನೇ ಇರ್ತೀವಿ. ಹಾರ್ಟ್‌ಬೀಟ್ ಇಳಿದರೆ, ಹೊಲಿಗೆ ಹತ್ರ ನೋವು ಅಂದ್ರೆ, ಆಗ ಕಾಯಲ್ಲ. ಸೀದಾ ಥಿಯೇಟರ್‌ಗೆ."

"ಸರಿ. ಹಾಗಾದ್ರೆ ಕಾಯ್ತೇನೆ."

ಹೆಗ್ಗಳಿಕೆಯ ದನಿಯಲ್ಲೇನೂ ಹೇಳಲಿಲ್ಲ, ಅಳುತ್ತ ಹೇಳಿದ್ದು. ಆದರೂ ಹೇಳಿದವಳು ನಾನು. ಆಪರೇಷನ್ ಮಾಡಿ ಎಂದಿದ್ದರೂ ಹೇಳಿದವಳು ನಾನೇ ಆಗುತ್ತಿದ್ದೆ ಎಂಬ ಸಮಾಧಾನ ಆ ನೋವಿನಲ್ಲೂ ಇತ್ತು.

ಸಂಜೆ ನಾಲ್ಕು ದಾಟಿ ಸ್ವಲ್ಪ ಹೊತ್ತಿಗೆ ಮಗು ಬಂತು. ಹೆಣ್ಣು. ಒದ್ದೆ ಮೈಯಲ್ಲೇ ಎದೆಯ ಮೇಲೆ ಇಟ್ಟರು. ಕೆಳಗೆ ಹೊಲಿಗೆ ಬಿತ್ತು, ಅದರ ಉರಿ ಎರಡು ವಾರ ಕಾಡಿತು. ನಾರ್ಮಲ್ ಎಂದರೆ ಮಾರನೇ ದಿನವೇ ಎದ್ದು ಕುಣಿಯಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ನಾರ್ವೆಯ ಮನೆಗೆ ಬಂದು ಹದಿನೈದು ದಿನ. ಮೊನ್ನೆ ಪಕ್ಕದ ಮನೆಯ ಸರೋಜಕ್ಕ ಮಗು ನೋಡಲು ಬಂದಿದ್ದರು. ನಾನು ಕೋಣೆಯಲ್ಲಿ ಹಾಲು ಕುಡಿಸುತ್ತಿದ್ದೆ. ಹೊರಗೆ ಅವರು ಹೇಳುವುದು ಕೇಳಿಸಿತು.

"ಅಂತೂ ಈ ಸಲ ನಿಮ್ ಸೊಸೆ ಧೈರ್ಯ ಮಾಡಿದ್ಳು."

"ಧೈರ್ಯ ಎಂತದೂ ಇಲ್ಲ ಮಾರಾಯ್ತಿ," ಅತ್ತೆ ಹೇಳಿದರು. "ಈ ಸಲವೂ ಹೆದ್ರಿ ಕಿರುಚಾಡಿದಾಳೆ, ಅವಳಕ್ಕನೇ ಹೇಳಿದ್ಳು. ಹೋದ್ಸಲ ಕೂಸು ಉಲ್ಟಾ ಕೂತಿತ್ತು, ಅದ್ಕೆ ಆಪರೇಷನ್ ಆಯ್ತು. ಕಾಗದದಲ್ಲಿ ಬರ್ದಿದೆ. ನಂಗೆ ಗೊತ್ತಿಲ್ದೆ ಊರೆಲ್ಲ ಬೇರೆ ಹೇಳ್ಕಂಡು ಬಂದೆ. ತಪ್ಪು ನಂದು."